ಹಾಸುಬಂಡೆಯ ಮೇಲೆ ಚಂದಮ್ಮನ ಬಿಸಿಲು

ಬೆಳಕು ಹರಿಯುವ ಹೊತ್ತು. ಸುರಪುರದ ಗುಡ್ಡದ ಮಗ್ಗುಲಿನ ಹಾಸುಬಂಡೆಯ ಮೇಲೆ ಚಂದಮ್ಮ ಬರಿಗಾಲಲ್ಲಿ ಕಸಬರಿಗೆ ಆಡಿಸುತ್ತಿದ್ದಾರೆ. ಗುಡಿಸಿ ಮುಗಿದ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆರಳು ಒದ್ದೆ ಮಾಡಿ ಕಲ್ಲಿಗೆ ಉಜ್ಜಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಾರೆ. ಕಣ್ಣು ಮುಚ್ಚಿ ಸುಮ್ಮನೆ ಕಾಯುತ್ತಾರೆ. ನಾಲ್ಕು ಹೆಜ್ಜೆ ಸರಿದು ಮತ್ತೆ ಅದೇ.

"ಖಾರ ಇಲ್ರಿ ಇವತ್ತ," ಎನ್ನುತ್ತಾ ಮೊಣಕಾಲಿಗೆ ಕೈಯೂರಿ ಏಳುತ್ತಾರೆ. "ನಾಲಗಿ ಸುಟ್ತಂದ್ರ ಕೂಸಿನ ಬಟ್ಟಿ ಇಲ್ಲಿ ಹಾಕಂಗಿಲ್ಲ."

ಐವತ್ತೆಂಟರ ಚಂದಮ್ಮ ಬಂಡೆಯ ಕೆಳಗಿರುವ ಚಿಕ್ಕ ಹೆರಿಗೆ ಆಸ್ಪತ್ರೆಯ ಬಟ್ಟೆ ನೋಡಿಕೊಳ್ಳುವವರು. ದಿನಕ್ಕೆ ಮೂವತ್ತು ಚಾದರ, ಅರವತ್ತು ಕೂಸಿನ ಬಟ್ಟೆ. ಒಗೆಯುವುದಕ್ಕೆ ಯಂತ್ರ ಬಂದು ಆರು ವರ್ಷವಾಯಿತು, ಒಣಗಿಸುವುದು ಮಾತ್ರ ಇವರ ಪಾಲಿಗೇ ಉಳಿದಿದೆ. ತಿಂಗಳಿಗೆ ಎಂಟು ಸಾವಿರ ಸಂಬಳ. ಶಿರವಾಳದಿಂದ ಸೊಸೆಯಾಗಿ ಬಂದವರು. ಗಂಡ ಸೂಗಪ್ಪ ಹಮಾಲಿ ಮಾಡಿ ಮಾಡಿ ನಡ ಹಿಡಿದು ಮನೆಯಲ್ಲಿ ಕೂತ ಮೇಲೆ ಒಲೆ ಹೊತ್ತುವುದು ಇದರಿಂದಲೇ.

ಆ ಸಂಬಳಕ್ಕೇ ಕುತ್ತು ಬಂದಿತ್ತು. ಬಟ್ಟೆ ಒಣಗಿಸುವ ಯಂತ್ರವನ್ನೂ ತರಿಸುವ ವಿಚಾರ ಆಸ್ಪತ್ರೆಯವರಿಗೆ. ವ್ಯವಸ್ಥಾಪಕ ಪರಮಣ್ಣ ಹೋದ ತಿಂಗಳು ಕರೆದು, "ಎಂಟು ದಿನ ನೋಡು ಚಂದಮ್ಮ. ಹಗ್ಗಕ್ಕ ಎಷ್ಟೊತ್ತು, ಕಲ್ಲಿಗಿ ಎಷ್ಟೊತ್ತು, ನೀನ ಹೇಳು. ಆಮ್ಯಾಗ ಮಷೀನ್ ಬೇಕೋ ಬ್ಯಾಡೋ ನೋಡಾಮು," ಎಂದರು. ತನ್ನ ಕೆಲಸವನ್ನು ತಾನೇ ತಕ್ಕಡಿಗೆ ಹಾಕಿಕೊಡಬೇಕಾದ ಪಾಡು.

ಆ ಲೆಕ್ಕ ಅವರ ಬಾಯಲ್ಲೇ ಕೇಳಬೇಕು. "ಹಗ್ಗ ಅಗ್ಗ ಖರೆ. ಆದ್ರ ದವಾಖಾನಿ ಮಾಳಿಗಿ ಮ್ಯಾಲ ನಾಕೇ ಸಾಲು. ಈ ಬಿಸಲ ದಿನದಾಗ ಮೂರು ತಾಸು, ಮಳಿಗಾಲದಾಗ ಎರಡು ದಿನ, ಮ್ಯಾಲ ಮುಗ್ಗಲು ವಾಸನಿ. ಕಲ್ಲು ಪುಕಟ್. ಹತ್ತಕ್ಕ ಹಾಸಿದ್ರ ಹನ್ನೊಂದಕ್ಕ ಎತ್ತು. ಆದ್ರ ಹಸಿ ಬಟ್ಟಿ ಹೊತ್ತು ದಿನಕ್ಕ ಏಳು ಸಲ ಏರಬೇಕಲ್ರಿ. ಮಷೀನು ಎಂಟು ಚಾದರಕ್ಕ ಒಂದೂವರಿ ತಾಸು, ನಾಕು ಯೂನಿಟ್ ತಿಂತದಂತ. ಕರೆಂಟ್ ಹ್ವಾದ್ರ ಅದೂ ನನ್ನಂಗ ಕುಂಡ್ರತದ."

"ಮಷೀನಿಗಿ ಮೊಣಕಾಲ ನೋವಿಲ್ಲ ಚಂದಕ್ಕ," ಚಾದರ ಹಿಂಡಿ ಕೊಡುತ್ತಿದ್ದ ಆಯಾ ಹಜರಾಬೀ ಕೆಣಕುತ್ತಾರೆ.

"ಮನಿಯಾಗ ಗಂಡನೂ ಇಲ್ಲ ಬಿಡು ಅದಕ್ಕ. ಸುಖಿ ಅದ!"

ಎಡವಟ್ಟಾದದ್ದು ಆ ಎಂಟು ದಿನಗಳಲ್ಲಿ ಆರನೆಯ ದಿನ. ಹಿಂದಿನ ದಿನ ಯಾರೋ ಅದೇ ಬಂಡೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಎತ್ತಿಕೊಂಡು ಹೋಗಿದ್ದರು. ಕಲ್ಲು ಚೊಕ್ಕವಾಗಿಯೇ ಕಂಡಿತು. ಚಂದಮ್ಮ ಅರವತ್ತೂ ಕೂಸಿನ ಬಟ್ಟೆ ಹಾಸಿದರು. ಮಡಚುವಾಗ ಮುಖದ ಬೆವರು ಒರೆಸಿಕೊಂಡರೆ ಕಣ್ಣು ಧಗಧಗ! ಪುಣ್ಯಕ್ಕೆ ಒಂದು ಬಟ್ಟೆಯೂ ವಾರ್ಡಿಗೆ ಹೋಗಿರಲಿಲ್ಲ. ಎಲ್ಲವನ್ನೂ ಮತ್ತೆ ಒಗೆದು ಹಗ್ಗಕ್ಕೆ ಹಾಕಿದರು. ಅವು ಒಣಗುವ ತನಕ ಕೂಸುಗಳೆಲ್ಲ ಅಜ್ಜಿಯರ ಸೀರೆ ತುಂಡಿನಲ್ಲೇ ಮಲಗಿದವು. ನಾಲಿಗೆಯ ಪರೀಕ್ಷೆ ಶುರುವಾದದ್ದು ಅದರ ಮರುದಿನದಿಂದ.

"ಹೇಳಬ್ಯಾಡ, ಕೆಲಸ ಹೋಗ್ತದ ಅಂದೆ. ಕೇಳ್ಲಿಲ್ಲ ಈಕಿ," ಎನ್ನುತ್ತಾರೆ ಹಜರಾಬೀ. ಚಂದಮ್ಮ ನೆಟ್ಟಗೆ ಪರಮಣ್ಣನ ಮುಂದೆ ಹೋಗಿ ನಿಂತರು.

"ಉರಿತದ ಅಂತ ಹೇಳಾಕ ಕೂಸಿಗಿ ಮಾತು ಬರ್ತಾವೇನ್ರಿ? ನಾನ ಹೇಳಬೇಕಲ್ಲ. ಕೂಸಿನ ಬಟ್ಟಿಗಿ ಮಷೀನ್ ತರಸ್ರಿ ಸಾಹೇಬ್ರ ಅಂದೆ."

ಮೂರನೆಯ ದಿನ ಪರಮಣ್ಣನ ತೀರ್ಮಾನ ಹೊರಬಿತ್ತು. ಮುಂದಿನ ತಿಂಗಳು ಒಂದು ಚಿಕ್ಕ ಯಂತ್ರ ಬರುತ್ತದೆ, ಕೂಸಿನ ಬಟ್ಟೆಗೆ ಮತ್ತು ಮಳೆಗಾಲಕ್ಕೆ. ಚಾದರಕ್ಕೆ ಬಂಡೆಯೇ. ಎರಡಕ್ಕೂ ಚಂದಮ್ಮನೇ ಇರಬೇಕು, ಅದೇ ಸಂಬಳಕ್ಕೆ. "ಮಷೀನ್ ತಪ್ಪು ಮಾಡಿದ್ರ ತಾನ ಬಂದು ಹೇಳಂಗಿಲ್ಲಲ್ರಿ," ಎನ್ನುತ್ತಾರೆ ಪರಮಣ್ಣ.

ಬಿಸಿಲೇರುತ್ತಿದೆ. ಚಂದಮ್ಮ ಇವತ್ತಿನ ಮೂರನೆಯ ಬುಟ್ಟಿಗೆ ಇಳಿಯುತ್ತಿದ್ದಾರೆ, ಒಂದೊಂದೇ ಹೆಜ್ಜೆ, ಕಲ್ಲಿಗೆ ಕೈಕೊಟ್ಟು. ಯಂತ್ರವನ್ನು ಮಾಳಿಗೆಯ ಮೇಲಿನ ಕೋಣೆಯಲ್ಲಿ ಇಡುವ ಮಾತಿದೆಯಂತೆ. ನಿಮಗೇನಾದರೂ ಬೇಕೇ ಎಂದರೆ ನಡುವೆ ನಿಂತು, ದಮ್ಮು ತೆಗೆದುಕೊಂಡು ಹೇಳುತ್ತಾರೆ:

"ಪಗಾರ ಹೆಚ್ಚಿಗಿ ಕೇಳಂಗಿಲ್ರಿ. ಮಷೀನ್ ಕೆಳಗ ಇಡಸ್ರಿ ಅಂತ ಪೇಪರಿನ್ಯಾಗ ಬರೀರಿ. ಮ್ಯಾಲ ಇಟ್ರ ಅದೇನು ದಿನಾ ಹತ್ತಿ ಇಳ್ಯಂಗಿಲ್ಲ, ಮತ್ತ ನಾನ ಹತ್ತಬೇಕು."