ಶಿಗೆನೋಳ ಮಗ ಮತ್ತು ಕೆಲಸವಿಲ್ಲದ ಹಡಗು

ಜಪಾನಿನ ನಮ್ಮ ಕುರೆ ಬಂದರಿನಲ್ಲಿ ಮಗನ ಹಡಗು ಯುದ್ಧಕ್ಕೆ ಹೋಗದೆ ಕೂತಿರಲಿ ಎಂದು ಹರಕೆ ಹೊತ್ತ ತಾಯಿಯೂ ಒಬ್ಬಳಿದ್ದಳು. ನನ್ನ ಪಕ್ಕದ ಮನೆಯ ಶಿಗೆನೋ. ಅಂಥ ಮಾತಾಡಿದರೆ ಪೊಲೀಸರು ಎಳೆದೊಯ್ಯುವ ಕಾಲ. ಹಾಗಾಗಿ ದೇವರ ಮುಂದೆಯೂ ಪಿಸುಗುಟ್ಟುತ್ತಿದ್ದಳು.

ಗಂಡ ಸತ್ತ ಮೇಲೆ ನಾವಿಕರ ಬಟ್ಟೆ ಹೊಲಿದು ಮಗ ತೊಕುಜಿಯನ್ನು ಸಾಕಿದ್ದಳು. ಹುಡುಗನಿಗೆ ವಿಮಾನದ ಹುಚ್ಚು. ಇವಳು ಊಟ ಬಿಟ್ಟು ಹಟ ಹಿಡಿದು ಅವನನ್ನು ದೊಡ್ಡ ಫಿರಂಗಿ ಹಡಗಿಗೆ ಸೇರಿಸಿದಳು. "ಮೊಳ ದಪ್ಪದ ಉಕ್ಕಿನ ಗೋಡೆ ಕಣೇ, ಅದರೊಳಗೆ ನನ್ನ ಮಗನಿಗೆ ಏನಾಗುತ್ತೆ?" ಎನ್ನುತ್ತಿದ್ದಳು. ನನ್ನ ಮಗ ಐಕಿಚಿ ವಿಮಾನವಾಹಕ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ.

ಯುದ್ಧದ ಮೊದಲ ಚಳಿಗಾಲದಲ್ಲಿ ನಮ್ಮ ವಿಮಾನಗಳು ಇಂಗ್ಲಿಷರ ಎರಡು ದೊಡ್ಡ ಹಡಗುಗಳನ್ನು ಮುಳುಗಿಸಿದವು. ಬೀದಿ ತುಂಬ ಬಾವುಟ, ಜಯಕಾರ. ಶಿಗೆನೋ ನನ್ನ ತೋಳು ಹಿಡಿದು ಒಳಗೆಳೆದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವರದ್ದೂ ಉಕ್ಕಿನದೇ ಅಲ್ವೇನೇ?"

"ಅಯ್ಯೋ, ಬಾಯಿ ಮುಚ್ಚೇ ಮಾರಾಯ್ತಿ!" ಎಂದೆ.

ರಜೆಗೆ ಬಂದಾಗ ಹುಡುಗರಿಬ್ಬರೂ ನನ್ನ ತೋಫು ಅಂಗಡಿಯಲ್ಲಿ ಕೂತು ಕಾಲೆಳೆದುಕೊಳ್ಳುತ್ತಿದ್ದರು.

"ಏನೋ ತೊಕುಜಿ, ನಿಮ್ಮ ಛತ್ರದಲ್ಲಿ ಊಟ, ನಿದ್ದೆ ಎಲ್ಲ ಚೆನ್ನಾಗಿದೆಯಾ?" ಎಂದು ಐಕಿಚಿ ಕೆಣಕಿದ.

"ನಮ್ಮ ಗುಂಡು ಎಷ್ಟು ದೂರ ಬೀಳುತ್ತೆ ಗೊತ್ತೇನೋ?"

"ಬೀಳಲಿ ಬಿಡೋ! ನಮ್ಮ ವಿಮಾನ ಅದರ ಹತ್ತರಷ್ಟು ದೂರ ಹೋಗಿ ಹೊಡೆದು ಬರುತ್ತೆ. ಶತ್ರು ಕಣ್ಣಿಗೇ ಬೀಳಲ್ಲ, ನೀವು ಯಾರಿಗೋ ಹೊಡೀತೀರ?"

ತೊಕುಜಿ ತಲೆ ತಗ್ಗಿಸಿದ. ಅವನ ಹಡಗು ದ್ವೀಪದ ಮರೆಯಲ್ಲಿ ಲಂಗರು ಹಾಕಿ ಕೂತೇ ಇರುತ್ತಿತ್ತು. ಮಗನಿಗೆ ಅದು ಅವಮಾನ, ತಾಯಿಗೆ ಅದೇ ನೆಮ್ಮದಿ.

ಮುಂದಿನ ಬೇಸಿಗೆಯಲ್ಲಿ ಐಕಿಚಿಯ ಹಡಗು ಮುಳುಗಿತು. ಅವನು ಬರಲಿಲ್ಲ. ಶಿಗೆನೋಳ ಮಗ ಬದುಕಿದ್ದಾನಲ್ಲ ಎಂದು ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಒಂದೊಂದಾಗಿ ವಿಮಾನವಾಹಕಗಳು ಹೋದವು, ವಿಮಾನಗಳು ಹೋದವು, ಎಣ್ಣೆಯೂ ತೀರಿತು. ಆಗ, ಕೂತೇ ಇದ್ದ ಹಡಗುಗಳ ಮೇಲೆ ನೌಕಾಪಡೆಯ ದೊಡ್ಡವರ ಕಣ್ಣು ಬಿತ್ತು. ಅವನ್ನೂ ಕೊನೆಯ ಕಾಳಗಕ್ಕೆ ಕಳಿಸುತ್ತಾರಂತೆ ಎಂದು ಬಂದರಿನಲ್ಲಿ ಗುಸುಗುಸು ಶುರುವಾಯಿತು. ಶಿಗೆನೋ ಹೊಲಿಗೆ ಬಿಟ್ಟು ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿ ಸಮುದ್ರ ನೋಡಿ ಬರುತ್ತಿದ್ದಳು.

ಐಕಿಚಿ ಹೋದ ಮೇಲಿನ ಮೂರನೇ ವಸಂತದ ಒಂದು ಮುಸ್ಸಂಜೆ ತೊಕುಜಿ ಬಂದ. ಬೇಗ ದೋಣಿಗೆ ಹೋಗಬೇಕೆಂದ. ನಾನೂ ಅಲ್ಲೇ ಇದ್ದೆ. ಶಿಗೆನೋ ಬಾರ್ಲಿ ಗಂಜಿ, ಗೆಣಸು ಬಡಿಸಿ, "ಹಡಗು ಇಲ್ಲೇ ಇರುತ್ತೆ ತಾನೇ?" ಎಂದು ಮತ್ತೆ ಮತ್ತೆ ಕೇಳಿದಳು.

"ಇನ್ನೆಲ್ಲಿಗಮ್ಮ ಹೋಗುತ್ತೆ? ಮೇಲೆ ಕಾಯೋಕೆ ಒಂದು ವಿಮಾನಾನೂ ಇಲ್ಲ," ಎಂದು ನಕ್ಕ.

ಉಂಡವನು ದೀಪದ ಹತ್ತಿರ ಕೂತು, ಕತ್ತರಿ ತೆಗೆದು ಉಗುರು ಕತ್ತರಿಸತೊಡಗಿದ. ಶಿಗೆನೋಳಿಗೆ ಸಿಟ್ಟು ಬಂತು.

"ಏಯ್, ದೀಪ ಹಚ್ಚಿದ ಮೇಲೆ ಉಗುರು ತೆಗೀತಾರೇನೋ? ಹೆತ್ತವರು ಸಾಯೋವಾಗ ಹತ್ತಿರ ಇರೋಕಾಗಲ್ಲ! ನಾಳೆ ನನ್ನ ಬಾಯಿಗೆ ನೀರು ಬಿಡೋರು ಯಾರು?"

ಅವನು ನಿಲ್ಲಿಸಲಿಲ್ಲ. ಬಿದ್ದ ಉಗುರುಗಳನ್ನು ಬಿಳಿ ಕಾಗದದ ಮೇಲೆ ಒಟ್ಟುಮಾಡುತ್ತಿದ್ದ. ಕೊನೆಯ ಸಲ ಹೊರಟಾಗ ಐಕಿಚಿಯೂ ಹೀಗೇ ಕಾಗದದಲ್ಲಿ ಕಟ್ಟಿಟ್ಟು ಹೋಗಿದ್ದ. ಹೆಣ ಸಿಗಲಿಲ್ಲ, ನಾನು ಅದನ್ನೇ ಹೂತೆ.

ಶಿಗೆನೋ ನನ್ನ ಮುಖ ನೋಡಿದಳು. ಕಾಗದ ನೋಡಿದಳು. ಅಳಲಿಲ್ಲ. ಮಗನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಕೊಡು ಇಲ್ಲಿ. ನಾನು ತೆಗೆದ್ರೆ ಅಪಶಕುನ ನಿನಗೆ ತಟ್ಟಲ್ಲ."

ಒಂದೊಂದೇ ಬೆರಳು ಹಿಡಿದು ಕತ್ತರಿಸಿದಳು. ಕೊನೆಗೆ ಕಿರುಬೆರಳೊಂದು ಉಳಿಯಿತು. ಕತ್ತರಿ ಕೆಳಗಿಟ್ಟಳು.

"ಇದೊಂದು ಹೀಗೇ ಇರಲಿ. ನೀನು ವಾಪಸ್ ಬಾ, ಹಗಲು ಹೊತ್ತಲ್ಲಿ ತೆಗೀತೀನಿ."

"ಆಯ್ತಮ್ಮ," ಎಂದ ತೊಕುಜಿ, ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.