ಎಮ್ಮೆ ಮಾರಿ ಕಟ್ಟಿದ ಕಂಪ್ಯೂಟರು

ಬ್ಯಾಡಗಿಯಲ್ಲಿ ನಾನು ಮಾಡಿದ ಮೊಟ್ಟಮೊದಲ ಕೆಲಸ ಸೀನಿದ್ದು. ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಕಾಲು ನೆಲಕ್ಕೆ ತಾಗುವ ಮೊದಲೇ ಶುರುವಾಯಿತು. ಒಂದು, ಎರಡು, ಐದು, ಹತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಂಕುಳಲ್ಲಿ ಹಾಸಿಗೆ ಸುರುಳಿ. ಸುತ್ತ ನಿಂತವರೆಲ್ಲ ಹಾಯಾಗಿ ಚಹಾ ಕುಡಿಯುತ್ತಿದ್ದರು. ಬಾಳೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಹೊಸಬ್ರು ಬಂದ್ರು ನೋಡವಾ" ಎಂದಳು. ನನ್ನ ಹೆಸರು, ಊರು, ಯಾವುದೂ ಅವಳಿಗೆ ಬೇಕಿರಲಿಲ್ಲ. ಸೀನೇ ಎಲ್ಲ ಹೇಳಿತ್ತು.

ನಂಜನಗೂಡಿನಲ್ಲಿ ಕೂತು ಇದನ್ನು ಓದುವ ನಿಮಗೆ ಹೇಗೆ ಹೇಳಲಿ? ನಮ್ಮ ಕಡೆ ಒಣಮೆಣಸಿನಕಾಯಿ ಎಂದರೆ ಅಡುಗೆಮನೆಯ ಡಬ್ಬಿಯಲ್ಲಿ ಇರುವ ವಸ್ತು. ಇಲ್ಲಿ ಡಿಸೆಂಬರಿನಿಂದ ಅದು ಊರಿನ ಗಾಳಿ. ಬಯಲಿನಲ್ಲಿ, ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಕಣ್ಣು ಹೋದಷ್ಟೂ ಕೆಂಪಗೆ ಹರವಿರುತ್ತಾರೆ. ತಮಾಷೆಯೆಂದರೆ ಈ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಬಾಯಿಗೆ ಸಾಧು, ಮೂಗಿಗೆ ರಾಕ್ಷಸ.

ನನಗೆ ಹಾವೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಒಂಟಿ ಹೆಂಗಸಿಗೆ ಹಾವೇರಿಯಲ್ಲಿ ಮನೆ ಸಿಗಲಿಲ್ಲ. "ಯಜಮಾನ್ರು ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದರು. ಯಜಮಾನರೇ ಇಲ್ಲವೆಂದರೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ನನ್ನ ವಿದ್ಯಾರ್ಥಿನಿ ಗಿರಿಜಾ, "ಬ್ಯಾಡಗ್ಯಾಗ ನಮ್ಮ ಮನ್ಯಾಗ ಒಂದು ಖೋಲಿ ಖಾಲಿ ಐತ್ರಿ ಮೇಡಂ" ಎಂದಳು. ಖೋಲಿ ಎಂದರೆ ಕೋಣೆ. ಅವಳ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ತಾಯಿ ಶಾಂತವ್ವ. ಕೊಟ್ಟಿಗೆಯಲ್ಲಿ ಒಂದು ಎಮ್ಮೆ.

ಮಣ್ಣಿನ ಮಾಳಿಗೆಯ ಮನೆ. ನಮ್ಮ ಹೆಂಚಿನ ಮನೆಯಂತೆ ಇಳಿಜಾರಿಲ್ಲ, ಮೇಲೆ ಸಪಾಟು. ನಡುವೆ ಒಂದು ಬೆಳಕಿಂಡಿ, ಅದರಿಂದ ಹಗಲೆಲ್ಲ ಒಂದು ಕೋಲು ಬಿಸಿಲು ಇಳಿಯುತ್ತಿತ್ತು. ಮಾಳಿಗೆಯಿಂದ ಸಣ್ಣಗೆ ಮಣ್ಣೂ ಇಳಿಯುತ್ತಿತ್ತು. ಶಾಂತವ್ವ ಮೆಣಸಿನಕಾಯಿ ಅಡತಿ ಮಂಡಿಯಲ್ಲಿ ತುಂಬು ಮುರಿಯುತ್ತಿದ್ದರು. ಎಂದರೆ, ಬೆಳಗಿನಿಂದ ಸಂಜೆವರೆಗೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಾಯಿಯ ತೊಟ್ಟು ಕೀಳುವುದು. ಹೊರಡುವಾಗ ತೆಳುವಾದ ಹಳೇ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಮೂಗು ಬಾಯಿಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಅಲ್ಲಿಯ ಹೆಂಗಸರೆಲ್ಲ ಹಾಗೇ. ಒದ್ದೆ ಬಟ್ಟೆಗೆ ಧೂಳು ಹತ್ತಿ ಕೂರುತ್ತದೆ, ಒಳಗೆ ಹೋಗುವುದಿಲ್ಲ.

ಮೊದಲ ತಿಂಗಳು ನಾನು ಅತ್ತಿದ್ದೇನೆ, ಮುಚ್ಚಿಡುವುದೇಕೆ. ಅನ್ನಕ್ಕೆ ಅತ್ತೆ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ಅತ್ತೆ. ಶಾಂತವ್ವ ಬಡಿದ ರೊಟ್ಟಿ ಚಂದ್ರನಂತೆ ದುಂಡಗಿದ್ದರೆ ನನ್ನದು ಮೈಸೂರು ರಾಜ್ಯದ ಹಳೇ ನಕ್ಷೆಯಂತಿರುತ್ತಿತ್ತು. "ಇರ್ಲಿ ಬಿಡ್ರಿ ಅಕ್ಕಾರ, ಹೊಟ್ಟ್ಯಾಗ ಹೋದ ಮ್ಯಾಲೆ ದುಂಡಗ ಆಗತೈತಿ" ಎನ್ನುತ್ತಿದ್ದರು. ಅಕ್ಕಾರ ಎಂದರೆ ಇಲ್ಲಿ ಹೆಂಗಸು ಮೇಷ್ಟ್ರು. ನಾನು ಮಾತಾಡಿದರೆ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ನನ್ನದು ಪೇಪರು ಓದಿದ ಹಾಗೆ ಇರುತ್ತದಂತೆ. ಅಯ್ಯೋ, ನಂಜನಗೂಡು ಸಂತೆಯಲ್ಲಿ ನನ್ನ ಬಾಯಿಗೆ ಹೆದರುತ್ತಿದ್ದವರು ಇದನ್ನು ಕೇಳಬೇಕಿತ್ತು!

ಗಿರಿಜಾ ಜಾಣೆ. ಆದರೆ ಕಂಪ್ಯೂಟರ್ ಪ್ರಾಕ್ಟಿಕಲ್ಲಿನಲ್ಲಿ ಒಮ್ಮೆ ನಪಾಸಾಗಿದ್ದಳು. ಕಾರಣ ನನಗೆ ಗೊತ್ತಿತ್ತು. ನಮ್ಮ ಲ್ಯಾಬಿನಲ್ಲಿ ಇದ್ದದ್ದು ನಾಲ್ಕು ಯಂತ್ರ. ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಬೇಕು. ಹುಡುಗರು ಸಂಜೆ ಕಳೆದರೂ ಕೂತಿರುತ್ತಿದ್ದರು. ಬ್ಯಾಡಗಿ ಬಸ್ಸು ಹಿಡಿಯಬೇಕಾದ ಇವಳ ಪಾಳಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ವಾರಕ್ಕೆ ಒಂದು ಗಂಟೆ ಕೀಲಿಮಣೆ ಮುಟ್ಟಿದವಳು ಪರೀಕ್ಷೆಯಲ್ಲಿ ಬೆರಳಿಂದ ಅಕ್ಷರ ಹುಡುಕುತ್ತ ಕೂತಿದ್ದಳು. ಮಾರ್ಚಿನಲ್ಲಿ ಮತ್ತೆ ಪರೀಕ್ಷೆ. ಒಂದು ದಿನ ರೊಟ್ಟಿ ತಿನ್ನುತ್ತ, ಯಾವ ಕೋಪವೂ ಇಲ್ಲದೆ, "ಈ ಸಲಾನೂ ಹೋದ್ರ ಮುಗೀತ್ರಿ ಮೇಡಂ. ಅವ್ವನ ಜೋಡಿ ತುಂಬು ಮುರಿಯಾಕ ಹೊಕ್ಕೇನಿ. ಆಕಿನ್ನ ಎಷ್ಟು ದಿನ ದುಡಸೂದು?" ಎಂದಳು. ಶಾಂತವ್ವ ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಹಾಕಿದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಮನೆಯಲ್ಲೇ ಒಂದು ಕಂಪ್ಯೂಟರ್ ಇದ್ದರೆ ಇವಳು ಪಾಸಾಗ್ತಾಳೆ. ಅಂಗಡಿಯದು ಬೇಡ, ಬಿಡಿಭಾಗ ತಂದು ನಾನೇ ಕಟ್ಟಿಕೊಡ್ತೀನಿ" ಎಂದುಬಿಟ್ಟೆ. ಮರುದಿನ ಕಾಲೇಜಿನಿಂದ ಬಂದರೆ ಕೊಟ್ಟಿಗೆ ಖಾಲಿ. ಶಾಂತವ್ವ ಎಮ್ಮೆ ಮಾರಿದ್ದರು. ಹಗ್ಗ ಮಾತ್ರ ಗೂಟದಲ್ಲಿತ್ತು. ಓಣಿಯವರಿಗೆ ಹಬ್ಬ. "ಏನವಾ ಶಾಂತವ್ವ, ಹೊಸಾ ಎಮ್ಮಿ ಎಷ್ಟು ಹಾಲು ಕೊಡತೈತಿ?"

ಊರಿಗೆ ಬಂದು ಹಿಂತಿರುಗುವಾಗ ಬೆಂಗಳೂರಿನಲ್ಲಿ ಇಳಿದು, ಹಳೆಯ ಮದರ್‌ಬೋರ್ಡು, ಯಾರೋ ಬಳಸಿ ಬಿಟ್ಟ ಹಾರ್ಡ್‌ಡಿಸ್ಕು, ಫ್ಲಾಪಿ ಡ್ರೈವು, ಕಪ್ಪು-ಬಿಳುಪಿನ ಮಾನಿಟರು ಹುಡುಕಿ ತಂದೆ. ರೈಲಿನಲ್ಲಿ ಮದರ್‌ಬೋರ್ಡು ನನ್ನ ತೊಡೆಯ ಮೇಲೇ ಪ್ರಯಾಣ ಮಾಡಿತು. ಅಷ್ಟಕ್ಕೇ ಎಮ್ಮೆ ಕರಗಿತ್ತು. ಎಲ್ಲವನ್ನೂ ಒಳಗಿಡುವ ಪೆಟ್ಟಿಗೆ ಉಳಿಯಿತು. ಆಗ ಶಾಂತವ್ವ, "ಪೆಟಿಗಿ ಅಂದ್ರ ರಾಣೆಬೆನ್ನೂರಾಗ ಮೌಲಾಸಾಬ್ರು ಮಾಡ್ತಾರಲ್ರಿ" ಎಂದರು.

ಮೌಲಾಸಾಬರು ಮದುವೆಗೆ ಟ್ರಂಕು ಮಾಡುವವರು. ನನ್ನ ನಕ್ಷೆ ನೋಡಿ ತಲೆಯಾಡಿಸಿದರು. ಒಂದು ವಾರ ಬಿಟ್ಟು ಹೋದರೆ ಹಸಿರು ಬಣ್ಣ, ಮೇಲೆ ಎರಡು ಗುಲಾಬಿ ಹೂವು, ಹಿಡಿಕೆ, ಕೊಂಡಿ, ಪುಟ್ಟ ಬೀಗ. ಗಾಳಿಗೆಂದು ನಾನು ಬರೆದುಕೊಟ್ಟಿದ್ದ ತೂತು ಒಂದೂ ಇಲ್ಲ.

"ತೂತು ಎಲ್ಲಿ ಸಾಬ್ರೇ?"

"ಮೂವತ್ತು ವರ್ಸ ಆತ್ರಿ ಬಾಯಾರ, ನಾ ಮಾಡಿದ ಪೆಟಿಗ್ಯಾಗ ಇರಿವಿ ಹೊಕ್ಕಿಲ್ಲ. ತೂತು ಇಟ್ರ ಜನಾ ನನಗ ಏನಂತಾರ?"

ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ಅವರು ಮಗುವಿನ ಕಿವಿ ಚುಚ್ಚುವವರಂತೆ ಮುಖ ಮಾಡಿಕೊಂಡು, ಮುಚ್ಚಳದ ಮೇಲೂ ಪಕ್ಕಕ್ಕೂ ಜರಡಿಯಂತೆ ತೂತು ಹೊಡೆದುಕೊಟ್ಟರು. "ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ" ಎಂದರು.

ಒಂದು ಭಾನುವಾರ ಬೆಳಕಿಂಡಿಯ ಕೆಳಗೆ ಚಾಪೆ ಹಾಸಿ ಕೂತು ಕಟ್ಟಿದೆವು. ಬೋರ್ಡು ತಗಡಿಗೆ ತಾಗದಂತೆ ಕೆಳಗೆ ಸೀಸೆಯ ಬಿರಡೆಗಳು, ಅದರ ಮೇಲೆ ಬೋರ್ಡು. ವಿದ್ಯುತ್ತಿನ ಎರಡು ಪ್ಲಗ್ಗುಗಳನ್ನು ಸಿಕ್ಕಿಸುವಾಗ ಎರಡರ ಕಪ್ಪು ತಂತಿಗಳೂ ನಡುವೆ ಬರಬೇಕು. ಅದಲು ಬದಲಾದರೆ ಬೋರ್ಡು ಸುಟ್ಟಿತೆಂದೇ ಲೆಕ್ಕ. ಅದನ್ನು ಗಿರಿಜಾಳ ಕೈಯಲ್ಲೇ ಮಾಡಿಸಿದೆ. ಸ್ವಿಚ್ಚು ಒತ್ತಿದಾಗ ಫ್ಯಾನು ಗುಂಯ್ ಎಂದಿತು, ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಶಾಂತವ್ವ ಊದಿನಕಡ್ಡಿ ಬೆಳಗಿ, "ಈ ಸಪ್ಪಳ ಏನ್ರಿ?" ಎಂದು ಕೇಳಿದರು.

"ಅದರ ಉಸಿರು ಶಾಂತವ್ವ. ನಮ್ಮ ಹಾಗೇ ಅದೂ ಗಾಳಿ ಎಳ್ಕೊಳ್ಳುತ್ತೆ. ಧೂಳು ಹೋದರೆ ಕೆಡುತ್ತೆ" ಎಂದೆ. ಬಹಳ ಚೆನ್ನಾಗಿ ಪಾಠ ಹೇಳಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಗಿರಿಜಾಳ ಬೆರಳು ದಿನದಿನಕ್ಕೆ ಓಡತೊಡಗಿದವು. ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಕಾಯಿ ಸುರಿಯಿತು, ಊರೆಲ್ಲ ಧೂಳು. ಪರೀಕ್ಷೆಗೆ ಒಂಬತ್ತು ದಿನವಿದ್ದಾಗ ನಾನು ಕಾಲೇಜಿನಿಂದ ಬಂದು ನೋಡುತ್ತೇನೆ, ಗಿರಿಜಾ ಬಾಗಿಲಲ್ಲಿ ಬಿಳಚಿಕೊಂಡು ನಿಂತಿದ್ದಾಳೆ. ಕಂಪ್ಯೂಟರು ಸತ್ತಿತ್ತು. ಮುಚ್ಚಳದ ತೂತುಗಳ ಮೇಲೆ, ನಾಲ್ಕೂ ಮೂಲೆ ಬಿಗಿದು ಕಟ್ಟಿದ ಒದ್ದೆ ಬಟ್ಟೆ. ಕೆಲಸಕ್ಕೆ ಹೊರಡುವ ಅವಸರದಲ್ಲಿ ಶಾಂತವ್ವ ಸರಿಯಾಗಿ ಹಿಂಡಿರಲಿಲ್ಲ. ನೀರು ತೊಟ್ಟಿಕ್ಕಿ ಬೋರ್ಡಿನ ಮೇಲೆ ಹನಿಹನಿಯಾಗಿ ಕೂತಿತ್ತು. ಗಿರಿಜಾ ಗಮನಿಸದೆ ಸ್ವಿಚ್ಚು ಒತ್ತಿದ್ದಳು.

ನನ್ನ ಸಿಟ್ಟು ನಿಮಗೆ ಗೊತ್ತಲ್ಲ. "ಬುದ್ಧಿ ಇದೆಯೇನ್ರೀ ನಿಮಗೆ? ಕರೆಂಟಿನ ವಸ್ತುವಿಗೆ ಯಾರಾದರೂ ನೀರು ಹಾಕ್ತಾರಾ? ಮಗಳ ಓದನ್ನೇ ಮುಳುಗಿಸಿಬಿಟ್ರಲ್ಲ!" ಎಂದು ಕೂಗಾಡಿದೆ. ಅವರ ಮನೆಯಲ್ಲಿ ನಿಂತು, ಅವರ ಮಗಳ ಎದುರಿಗೆ.

ಶಾಂತವ್ವ ಆಗತಾನೇ ಕೆಲಸದಿಂದ ಬಂದಿದ್ದರು. ಮೂಗಿನ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಅದನ್ನು ಕುತ್ತಿಗೆಗೆ ಇಳಿಸಿಕೊಂಡು, "ನನ್ನ ಮೂಗಿಗೆ ಇಪ್ಪತ್ತು ವರ್ಸ ಹಸೀ ಅರಿವಿ ಕಟ್ಟೀನ್ರಿ ಅಕ್ಕಾರ. ಅದಕ್ಕೂ ಉಸಿರೈತಿ ಅಂದ್ರಿ ನೀವ. ಧೂಳ ಹೋಗಬಾರದು ಅಂತ ಕಟ್ಟಿದೆ. ತಪ್ಪಾತೇನ್ರಿ?" ಎಂದರು.

ಉಸಿರಿನ ಪಾಠ ಹೇಳಿದವಳು ನಾನು. ಆಕೆಗೆ ಗೊತ್ತಿದ್ದದ್ದರಲ್ಲೇ ಒಳ್ಳೆಯದನ್ನು ಆಕೆ ಆ ಯಂತ್ರಕ್ಕೆ ಮಾಡಿದ್ದರು. ನಾಚಿಕೆಯಿಂದ ಸತ್ತೇಹೋದೆ.

ಪ್ಲಗ್ಗು ಕಿತ್ತು, ಒರೆಸಿ, ಉಳಿದಿದೆಯೇ ನೋಡೋಣವೆಂದು ಮತ್ತೆ ಸ್ವಿಚ್ಚಿಗೆ ಕೈ ಹಾಕಿದೆ. ಶಾಂತವ್ವ ನನ್ನ ಮಣಿಕಟ್ಟು ಹಿಡಿದರು. "ಮುಟ್ಟಬ್ಯಾಡ್ರಿ. ಮ್ಯಾಲೆ ಒಣಗಿದ್ರ ಒಳಗ ಒಣಗೇತಿ ಅಂತಲ್ಲ. ಒದ್ದಿ ಕಾಯಿ ಲಗೂ ಮಾಡಿ ಚೀಲಕ್ಕ ತುಂಬಿದ್ರ ಮರದಿನಾ ಬೂಸಲ ಹಿಡದು ಕೆಡತೈತಿ. ಮೂರು ದಿನ ನನ್ನ ಕೈಯಾಗ ಕೊಡ್ರಿ."

ಕೊಟ್ಟೆ. ಬೇರೆ ದಾರಿಯಾದರೂ ಎಲ್ಲಿತ್ತು? ಒಂದೊಂದೇ ಭಾಗ ಬಿಚ್ಚಿ ಮೊರದಲ್ಲಿಟ್ಟೆವು. ನಾನು ಅಂಗಳದ ಬಿಸಿಲಿಗೆ ಒಯ್ಯಹೊರಟರೆ ಬೈಸಿಕೊಂಡೆ. ಕಡುಬಿಸಿಲು ಕಾಯಿಯ ಬಣ್ಣ ತಿನ್ನುತ್ತದಂತೆ. ಬೆಳಕಿಂಡಿಯ ಬಿಸಿಲು ಬೀಳುವ ಕಡೆಯಲ್ಲ, ಅದರ ಪಕ್ಕದ ಬೆಚ್ಚಗಿನ ನೆರಳಲ್ಲಿ ಮೊರ ಇಟ್ಟರು. ಬಿಸಿಲಿನ ಕೋಲು ಸರಿದಂತೆ ಮೊರವನ್ನೂ ಸರಿಸಿದರು. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಗಳಿಗೆಗೊಮ್ಮೆ ಮಗ್ಗುಲು ಬದಲಿಸುವುದು, ಬೋರ್ಡನ್ನು ಎತ್ತಿ ಕೆನ್ನೆಗೆ ಹಚ್ಚಿ ನೋಡುವುದು. "ತಣ್ಣಗ ಹತ್ತಿದ್ರ ಇನ್ನೂ ಹಸಿ ಐತಿ ಅಂತ." ಬೋರ್ಡನ್ನು ಹಾಗೆಲ್ಲ ಮುಟ್ಟಬಾರದೆಂದು ಲ್ಯಾಬಿನಲ್ಲಿ ನಾನೇ ಗೋಡೆಗೆ ಬರೆದು ಅಂಟಿಸಿದ್ದೆ. ಬಾಯಿ ಮುಚ್ಚಿಕೊಂಡು ಕೂತೆ. ಗಿರಿಜಾ ರಟ್ಟಿನ ಮೇಲೆ ಕೀಲಿಮಣೆಯ ಚಿತ್ರ ಬರೆದುಕೊಂಡು ಅದರ ಮೇಲೆಯೇ ಬೆರಳು ಓಡಿಸುತ್ತಿದ್ದಳು. ನಾನು ರಜೆ ಹಾಕಿ ರೊಟ್ಟಿ ಬಡಿದೆ. ಮೂವರೂ ಆ ನಕ್ಷೆಗಳನ್ನೇ ತಿಂದೆವು.

ನಾಲ್ಕನೆಯ ದಿನ ಬೆಳಿಗ್ಗೆ ಬೋರ್ಡು ಕೆನ್ನೆಗೆ ಹಚ್ಚಿ ಶಾಂತವ್ವ, "ಈಗ ಹಚ್ಚವಾ" ಎಂದು ಮಗಳಿಗೆ ಹೇಳಿದರು. ಕಪ್ಪು ತಂತಿಗಳೆಲ್ಲ ನಡುವೆ. ಗಿರಿಜಾ ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಒತ್ತಿದಳು. ಫ್ಯಾನು ಗುಂಯ್ ಎಂದಿತು. ಫ್ಲಾಪಿ ಡ್ರೈವು ಮಾತ್ರ ಏಳಲಿಲ್ಲ; ಉಳಿದದ್ದೆಲ್ಲ ಎದ್ದಿತು. ಶಾಂತವ್ವ ಹೊಸ ಬಟ್ಟೆ ತಂದು, ನನ್ನ ಮುಖಕ್ಕೆ ಹಿಡಿದು, "ಒಣಾ ಐತಿ, ಮುಟ್ಟಿ ನೋಡ್ರಿ" ಎಂದು ನಗುತ್ತ ತೂತುಗಳ ಮೇಲೆ ಕಟ್ಟಿದರು.

ಗಿರಿಜಾ ಪಾಸಾದಳು. ಪದವಿ ಮುಗಿಸಿದಳು. ಮುಂದಿನ ಓದಿಗೆ ಸೀಟು ಸಿಕ್ಕಿದ್ದು ಎಲ್ಲಿ ಹೇಳಿ? ಮೈಸೂರಿನಲ್ಲಿ. ಹಾಸ್ಟೆಲು ಯಾಕೆ, ನಮ್ಮಮ್ಮ ಇದ್ದಾರಲ್ಲ ಎಂದು ನಾನೇ ನಂಜನಗೂಡಿಗೆ ಕಳಿಸಿದೆ. ಮೌಲಾಸಾಬರ ಇನ್ನೊಂದು ಟ್ರಂಕು, ತೂತಿಲ್ಲದ್ದು, ಹೊತ್ತುಕೊಂಡು ಹೋದಳು. ಈಗ ನನ್ನ ಕೋಣೆಯಲ್ಲಿ ಅವಳು ಮಲಗುತ್ತಾಳೆ, ಅವಳ ಬೆಳಕಿಂಡಿಯ ಕೆಳಗೆ ನಾನು ಕೂರುತ್ತೇನೆ. ನೀವು ಅವಳನ್ನು ದೇವಸ್ಥಾನದ ಬೀದಿಯಲ್ಲಿ ನೋಡಿರಬಹುದು.

ಅವಳ ಮೊದಲ ಕಾಗದ ಹೋದ ವಾರ ಬಂತು. ಶಾಂತವ್ವನಿಗೆ ಓದು ಬಾರದು, ನಾನೇ ಓದಿ ಹೇಳಿದೆ. "ಇಲ್ಲಿ ಗಾಳಿಗೆ ಏನೂ ವಾಸನೀನ ಇಲ್ಲವ್ವಾ, ಉಸಿರಾಡಿದ್ರೂ ಉಸಿರಾಡಿದಂಗ ಆಗೂದಿಲ್ಲ. ಟ್ರಂಕು ತೆಗೆದ ಕೂಡಲೇ ಮೇಡಂ ಅವರ ಅವ್ವಾರು ಸೀನಾಕ ಹತ್ತಿದ್ರು. ಅವರು ಸೀನಿದ್ದು ನೋಡಿ ನನಗ ಅಳು ಬಂತು."

ಶಾಂತವ್ವ ಕಾಗದ ಇಸಿದುಕೊಂಡು ಮೂಸಿದರು, ಮಡಿಸಿ ಬಳೆಡಬ್ಬಿಯಲ್ಲಿಟ್ಟರು. ನಮ್ಮಮ್ಮ ಸೀನುವ ಸದ್ದು ನನಗೆ ಕಿವಿಯಲ್ಲಿ ಕೇಳಿದಂತಾಯಿತು. ತಡೆಯಲಾಗದೆ, "ನನಗೆ ಸೀನು ನಿಂತದ್ದು ಯಾವಾಗ ಶಾಂತವ್ವ? ನೆನಪೇ ಇಲ್ಲ" ಎಂದೆ.

"ನನಗ ಐತ್ರಿ" ಎಂದರು ಅವರು. "ಆ ಪೆಟಿಗಿ ಒಣಗಿಸಿದ್ವಲ್ಲ, ಆ ಮೂರು ದಿನ. ಬಾಗಲಾ ತೆರೆದಿತ್ತು, ಓಣಿ ತುಂಬ ಕಾಯಿ ಹರವಿದ್ರು. ನೀವು ಮೊರದ ಮುಂದ ಕುಂತಿದ್ರಿ, ಒಂದೂ ಸೀನ್ಲಿಲ್ಲ. ಹೇಳಿದ್ರ ಮತ್ತ ಶುರು ಆದೀತು ಅಂತ ನಾ ಸುಮ್ಮಕಿದ್ದೆ."

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಅಮ್ಮನಿಗೆ ಹೇಳಿಡಿ, ನನ್ನ ಚೀಲವನ್ನು ಹಿತ್ತಲಲ್ಲೇ ಬಿಚ್ಚುತ್ತೇನೆ.