ಬಾಯಿ ಮುಚ್ಚದ ಕೌದಿ

ಬೆಳಿಗ್ಗೆ ಟ್ರಂಕು ತೆಗೆದೆ. ನುಸಿ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅಡಿಯಲ್ಲಿ ಹೊದೆಯುವ ಹಳೇ ಕೌದಿ. ಅದರ ಒಂದು ಮೂಲೆ ಇನ್ನೂ ಹೊಲಿದಿಲ್ಲ. ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ ನನಗೆ. ಚಹಾ ಎರಡು ಸಲ ಆರಿತು. ಓಡಾಡುತ್ತಲೇ ಇದನ್ನು ಬರೆಯುತ್ತಿದ್ದೇನೆ...

ಶಹಾಪುರದಲ್ಲಿ ನಮ್ಮ ಮನೆಯ ಹಿಂದೆ ಕೌದಿ ಹೊಲಿಯುವ ಅಜ್ಜಿ ಇದ್ದಳು, ಎಲ್ಲರಿಗೂ ಆಯಿ. ಹಳೇ ಸೀರೆ ಕೊಟ್ಟರೆ ಚೌಕ ಚೌಕ ಕತ್ತರಿಸಿ, ಜೋಡಿಸಿ ಹೊಲಿದು ಕೊಡುವವಳು. ನಾನು ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾದಾಗ ಅವ್ವ ತನ್ನ ಸೀರೆಗಳ ಗಂಟನ್ನು ಅವಳ ಮುಂದಿಟ್ಟಳು. ಮರುಪರೀಕ್ಷೆಯಲ್ಲೂ ನಪಾಸಾದರೆ ನನ್ನ ಮದುವೆ. ಸೈದಾಪುರದ ಗಂಡು ತಯಾರಿದ್ದ. ಕೌದಿ ಆ ಮದುವೆಗೆ.

ನನ್ನ ತಲೆಗೆ ಹತ್ತದೇ ಇದ್ದದ್ದು ವರ್ಗಮೂಲ. ಮೂಲ ಅಂದರೆ ಅರ್ಧ ಅಂತಲೇ ತಿಳಿದಿದ್ದೆ! ಹದಿನಾರಕ್ಕೆ ಎಂಟು, ಅರವತ್ತನಾಲ್ಕಕ್ಕೆ ಮೂವತ್ತೆರಡು... ಒಂದು ಮಧ್ಯಾಹ್ನ ಆಯಿಯ ಕಟ್ಟೆಯ ಮೇಲೆ ಕೂತು ಹೀಗೆ ಒದರುತ್ತಿದ್ದೆ. ಅವಳು ಸೂಜಿ ನಿಲ್ಲಿಸಿದಳು.

"ಏನದು ಲೆಕ್ಕ?"

"ಅರವತ್ನಾಕು ಸಣ್ಣ ಚೌಕದಾಗ ಒಂದು ದೊಡ್ಡ ಚೌಕ ಮಾಡಬೇಕಾದ್ರ ಸಾಲಿಗಿ ಎಷ್ಟು ಅಂತ, ಆಯಿ. ಮೂವತ್ತೆರಡು."

ಸೀರೆಯ ತುಂಡುಗಳನ್ನು ನನ್ನತ್ತ ತಳ್ಳಿದಳು. "ಜೋಡಿಸು, ನೋಡೋಣು."

ಜೋಡಿಸಿದೆ. ಮೂವತ್ತೆರಡರ ಎರಡೇ ಸಾಲು. ಕಟ್ಟೆ ಸಾಲದೆ ಅಂಗಳ ದಾಟಿ ಬೇವಿನ ಮರದವರೆಗೆ ಹೋಯಿತು.

"ಇದನ್ನ ಯಾರಿಗಿ ಹೊಚ್ಚತಿ? ಹಾವಿಗೇನ? ನಿನ್ನ ಗಂಡ ಅಷ್ಟು ಉದ್ದ ಅದಾನೇನ, ಖೋಡಿ?"

ಸಿಟ್ಟು ಬಂತು. ಕಿತ್ತು ಹತ್ತರ ಸಾಲು ಮಾಡಿದೆ, ಆರು ಸಾಲಿಗೆ ನಾಲ್ಕು ಉಳಿದವು. ಎಂಟರ ಸಾಲು ಹಾಕಿದೆ, ಎಂಟೇ ಸಾಲು. ಉದ್ದ ಎಷ್ಟೋ ಅಗಲವೂ ಅಷ್ಟೇ. ಕೂಗಿಬಿಟ್ಟೆ. ಆಯಿ ನಗಲಿಲ್ಲ, ಇನ್ನೂ ಆರು ತುಂಡು ನನ್ನತ್ತ ಒಗೆದಳು. "ಈಗ?"

"ಎಂಟಕ್ಕ ಹೆಚ್ಚು, ಒಂಬತ್ತಕ್ಕ ಕಡಿಮಿ."

"ಹಂಗಾರ ನಡುವ ಎಲ್ಲೋ ಅದ. ಅಂಜಬ್ಯಾಡ."

ಕೌದಿಯ ಕೊನೆಯ ಮೂಲೆಗೆ ಬಾಯಿ ಅನ್ನುತ್ತಿದ್ದಳು. ಅದರೊಳಗೆ ರೊಟ್ಟಿಯ ಚೂರು ಇಟ್ಟೇ ಹೊಲಿಯಬೇಕು, ಕೌದಿ ಹಸಿದಿರಬಾರದು. ನನ್ನ ಕೌದಿಗೆ ಅದೊಂದೇ ಬಾಕಿ ಇತ್ತು. ಅವ್ವ ವಾರ ವಾರ ಕೇಳುತ್ತಿದ್ದಳು, "ಆಯಿ, ಕೌದಿ ಎಲ್ಲಿಗಿ ಬಂತ್ರಿ?"

"ಇನ್ನಾ ಬಾಯಿ ಮುಚ್ಚಿಲ್ಲವ್ವಾ. ಕೈ ಹಿಡದಾವ."

ಕೈಗೆ ಏನೂ ಆಗಿರಲಿಲ್ಲ. ನನಗೆ ಮಾತ್ರ ಹೇಳಿದ್ದಳು, "ಪಾಸಾಗಿ ಬಾ. ರೊಟ್ಟಿ ನೀನೇ ಇಡು. ಸುರಪುರದ ಹಾಸ್ಟೆಲಿಗಿ ಒಯ್ಯುವಿಯಂತ."

ಪಾಸಾದೆ. ಕಾಲೇಜು ಸೇರಲು ಅಂದೇ ಕೊನೆಯ ದಿನ. ಸುರಪುರದ ಬಸ್ಸು ಹತ್ತಿದೆ. ಆಯಿಯ ಮನೆ ಹತ್ತೇ ಹೆಜ್ಜೆ, ಆದರೂ ಹೋಗಲಿಲ್ಲ. ಬಂದು ಹೇಳಿದರಾಯಿತು ಅಂದುಕೊಂಡೆ... ದಸರೆ ರಜೆಗೆ ಬಂದಾಗ ಅವಳ ಬಾಗಿಲಿಗೆ ಬೀಗ. ಹಿಂದಿನ ವಾರವೇ ತೀರಿಕೊಂಡಿದ್ದಳು. ಕೌದಿ ಬಾಯಿ ತೆರೆದೇ ನಮ್ಮ ಮನೆಗೆ ಬಂದಿತ್ತು.

"ಪಾಸಾಗೀನಿ ಅಂತ ಆಯಿಗಿ ಹೇಳಿದ್ಯೇನವ್ವಾ?"

"ಹೇಳಿದ್ದೆ. ಅಕಿನೇ ಬಂದು ಹೇಳಲಿ, ಆಮ್ಯಾಲ ಬಾಯಿ ಮುಚ್ಚೋಣು ಅಂದಳು."

ಈಗ ಮಧ್ಯಾಹ್ನ. ದಾರ ಪೋಣಿಸಿದ ಸೂಜಿ ಇದೆ, ರೊಟ್ಟಿಯ ಚೂರೂ ಇದೆ. "ಆಯಿ, ಪಾಸಾದೆ ಬೇ" ಅಂದೆ, ಖಾಲಿ ಕೋಣೆಗೆ. ಒಳಗಿನಿಂದ ಮಗಳು ಕೇಳಿದಳು, "ಯಾರ ಜೋಡಿ ಮಾತಾಡಾಕತ್ತಿ?"

ರೊಟ್ಟಿ ಕೈಯಲ್ಲೇ ಒಣಗಿತು. ಮೂಲೆ ಹಾಗೇ ಇದೆ...